ಜಾತ್ರೆಯ ಪೇಟೆಯೂ ರೈತನ ಗಂಟೂ

ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಭೂಮಾಲಿಕರಿಗೂ ಗ್ರಾಮದ ಹಿರಿಯರಿಗೂ

1. ಈ ಕರಪತ್ರದ ಉದ್ದೇಶ



ಬೀಜ, ಗೊಬ್ಬರ, ಕೀಟ, ರೋಗ ಇವುಗಳ ವಿಷಯವಾಗಿ ಬರೆಯುವುದು ಕೃಷಿ ಇಲಾಖೆಯವರ ವಾಡಿಕೆ. ಈ ಸಲ ಬೆಳೆಯ ವಿಷಯವನ್ನು ಬಿಟ್ಟು, ಬೆಳೆ ಮಾರಿ ಬಂದ ಹಣದ ವಿಷಯವಾಗಿ ಕೆಲವು ಮಾತುಗಳನ್ನು ಬರೆಯಬೇಕೆಂದು ಎಣಿಸಿದ್ದೇನೆ. ಹೊಲದಲ್ಲಿ ಹುಳು ತಿಂದ ನಷ್ಟವು ಕಣ್ಣಿಗೆ ಕಾಣುತ್ತದೆ. ಮನೆಗೆ ಬಂದ ಹಣವು ಪೇಟೆಯಲ್ಲಿ ಕರಗಿಹೋದ ನಷ್ಟವು ಮುಂಗಾರಿನ ಬಿತ್ತಿಗೆಯ ದಿವಸದವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ದಿವಸ ಅದು ಕಂಡಾಗ ಉಪಾಯವೂ ಉಳಿದಿರುವುದಿಲ್ಲ.

ಮಳೆ ತಪ್ಪಿ ಅಥವಾ ದರ ಬಿದ್ದು ಸಾಲಗಾರನಾದವನಿಗೆ ಮಿತವ್ಯಯದ ಉಪದೇಶ ಮಾಡುವುದು ನ್ಯಾಯವಲ್ಲ. ಅಂಥವನ ಕಷ್ಟಕ್ಕೆ ಬೇರೆ ಪರಿಹಾರಗಳು ಬೇಕು. ಇಲ್ಲಿ ಹೇಳುವುದು, ಬೆಳೆ ಬಂದು, ಹಣವೂ ಕೈಗೆ ಸೇರಿ, ಕೂಡಿಡಬೇಕೆಂಬ ಮನಸ್ಸೂ ಇದ್ದು, ಆದರೂ ಆರು ತಿಂಗಳಲ್ಲಿ ಬರಿಗೈಯಾಗುವವರ ಸಂಗತಿಯನ್ನು ಮಾತ್ರ. ಅಂಥವರು ನಮ್ಮಲ್ಲಿ ಕಡಮೆಯಿಲ್ಲ. ಈ ಲೇಖಕನೂ ಒಮ್ಮೆ ಅವರಲ್ಲಿ ಒಬ್ಬನಾಗಿದ್ದನು.

2. ಹಣ ಬರುವ ಕಾಲವೂ ಹೋಗುವ ಕಾಲವೂ

ನೌಕರಿಯವನಿಗೆ ತಿಂಗಳಿಗೊಮ್ಮೆ ಸಂಬಳ; ಅವನು ಈ ತಿಂಗಳು ಎಡವಿದರೆ ಮುಂದಿನ ತಿಂಗಳು ತಿದ್ದಿಕೊಳ್ಳಬಹುದು. ರೈತನ ಸ್ಥಿತಿ ಹಾಗಲ್ಲ. ನಮ್ಮ ಸೀಮೆಯಲ್ಲಿ ತೊಗರಿಯ ರಾಶಿಯು ಡಿಸೆಂಬರ್-ಜನವರಿಯಲ್ಲಿ ಮುಗಿಯುತ್ತದೆ. ಹಿಂಗಾರಿ ಜೋಳ ಮತ್ತು ಕಡಲೆಗಳ ರಾಶಿ ಫೆಬ್ರವರಿ-ಮಾರ್ಚಿಯಲ್ಲಿ ಆಗುತ್ತದೆ. ತಿಕೋಟಾ ಕಡೆಯ ದ್ರಾಕ್ಷಿಯ ಕಟಾವು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಡೆದು, ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಪ್ರಕಾರ ಒಣದ್ರಾಕ್ಷಿಯಾಗಿ ಶೆಡ್ಡಿನಿಂದ ಹೊರಬೀಳುತ್ತದೆ. ಅಂದರೆ ವರ್ಷದ ಆದಾಯದ ದೊಡ್ಡ ಪಾಲು ಸಂಕ್ರಾಂತಿಗೂ ಬೇಸಿಗೆಗೂ ನಡುವಣ ನಾಲ್ಕು ತಿಂಗಳುಗಳಲ್ಲಿ ಕೈಸೇರುತ್ತದೆ.

ಖರ್ಚಾದರೋ ಹನ್ನೆರಡು ತಿಂಗಳೂ ಇದೆ. ಏಪ್ರಿಲ್ ಚಾಟಣಿಯ ಆಳುಕೂಲಿ, ಜೂನಿನಲ್ಲಿ ಮುಂಗಾರಿನ ಬೀಜಗೊಬ್ಬರ, ಅದೇ ತಿಂಗಳಲ್ಲಿ ಮಕ್ಕಳ ಶಾಲೆಯ ಫೀ, ಸೆಪ್ಟೆಂಬರ್‌ನಿಂದ ಹಿಂಗಾರಿಯ ಬಿತ್ತಿಗೆ, ಅಕ್ಟೋಬರ್ ಚಾಟಣಿ, ಅದರ ಬೆನ್ನಿಗೆ ಔಷಧಿಯ ಸಿಂಪಡಣೆ, ನಡುವೆ ಸುಟ್ಟುಹೋಗುವ ಮೋಟಾರು, ನಡುವೆ ಬರುವ ಬೇನೆ ಬೇಸರಿಕೆ. ಹೀಗಿರಲಾಗಿ ಜನವರಿಯಲ್ಲಿ ಕೈಗೆ ಬಂದ ಹಣವು ಜನವರಿಯ ಹಣವಲ್ಲ. ಅದರ ಮೇಲೆ ಜೂನಿನದೂ ಅಕ್ಟೋಬರಿನದೂ ಹೆಸರು ಆಗಲೇ ಬರೆದಿದೆ. ಕೈಯಲ್ಲಿ ಹಿಡಿದಾಗ ಮಾತ್ರ ಆ ಹೆಸರು ಕಾಣುವುದಿಲ್ಲ.

ಸರಿಯಾಗಿ ಇದೇ ಕಾಲಕ್ಕೆ, ಮಕರ ಸಂಕ್ರಾಂತಿಗೆ, ವಿಜಯಪುರದಲ್ಲಿ ಶ್ರೀ ಸಿದ್ಧೇಶ್ವರನ ಜಾತ್ರೆ ಕೂಡುತ್ತದೆ. ಗುಡಿಯ ಮುಂದೆ ನಂದಿಕೋಲುಗಳ ಮೆರವಣಿಗೆ. ತೊರವಿಯ ಬಯಲಿನಲ್ಲಿ ದನಗಳ ಜಾತ್ರೆ. ಖಿಲಾರಿ ಹೋರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಪಕ್ಕದಲ್ಲಿ ಗೆಜ್ಜೆ, ಹಣೆಪಟ್ಟಿ, ಝೂಲು, ಹಗ್ಗ, ಬಾರುಕೋಲುಗಳ ಅಂಗಡಿಗಳು. ಅವುಗಳ ಆಚೆ ಯಂತ್ರಗಳ ಮಳಿಗೆಗಳು, ಮೋಟಾರು ಸೈಕಲ್ಲು, ಮೊಬೈಲು, ಮನೆಯ ಸಾಮಾನುಗಳ ಅಂಗಡಿಗಳು. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದವನೆಂದು ಹೆಸರಾದವನು. ಮಳೆಗಾಲದ ನೀರನ್ನು ಬೇಸಿಗೆಗೆ ತಡೆದಿಟ್ಟ ಆ ಮಹಾತ್ಮನ ಹೆಸರಿನಲ್ಲಿ ನೆರೆದ ಜಾತ್ರೆಯಲ್ಲಿ ನಾವು ವರ್ಷದ ಹಣವನ್ನು ಒಂದು ಮಧ್ಯಾಹ್ನದಲ್ಲಿ ಹರಿಯಬಿಡುವುದು ಯೋಚಿಸತಕ್ಕ ಸಂಗತಿ.

3. ಕೊಳ್ಳುವ ಮನಸ್ಸು ಹೇಗೆ ಹುಟ್ಟುತ್ತದೆ

ಉಪದೇಶಕ್ಕಿಂತ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಸೇವೆಗೆ ಸೇರಿದ ಮೂರನೆಯ ವರ್ಷ ನಮ್ಮ ತಂದೆಯವರು ತೊಗರಿ ಮಾರಿದ 28,000 ರೂಪಾಯಿಗಳನ್ನು ನನ್ನ ಕೈಯಲ್ಲಿಟ್ಟು, ಕೊಳವೆಬಾವಿಯ ಮೋಟಾರು ಹಳೆಯದಾಗಿದೆ, ಹೊಸದನ್ನು ನೋಡಿ ತಾ ಎಂದು ಕಳುಹಿಸಿದರು. ಓದಿದ ಮಗ, ಮೇಲಾಗಿ ಇಲಾಖೆಯವನು ಎಂಬ ನಂಬಿಕೆ ಅವರದು. ದಾರಿಯಲ್ಲಿ ಜಾತ್ರೆ ಇತ್ತು. ಅಲ್ಲೊಂದು ಮಳಿಗೆಯಲ್ಲಿ ಮೇವು ಕತ್ತರಿಸುವ ಯಂತ್ರವನ್ನು ನಡೆಸಿ ತೋರಿಸುತ್ತಿದ್ದರು. ಕಣಿಕೆಯ ಸೂಡು ಒಂದು ಬದಿಯಿಂದ ಒಳಗೆ ಹೋಗಿ ಇನ್ನೊಂದು ಬದಿಯಿಂದ ಸಣ್ಣಗೆ ಬೀಳುವುದನ್ನು ನೋಡುತ್ತ ನಿಂತೆ. ಸುತ್ತಲೂ ಜನ, ಪರಿಚಯದವರು ಇಬ್ಬರು ಮೂವರು. ಬೆಲೆ 26,000, ಇದು ಜಾತ್ರೆಯ ಬೆಲೆ, ನಾಳೆ ಇರುವುದಿಲ್ಲ ಎಂದನು ಮಾರುವವನು. ಮೋಟಾರು ಇನ್ನೂ ತಿರುಗುತ್ತಿದೆಯಲ್ಲ, ಬೇಸಿಗೆಗೆ ನೋಡೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಯಂತ್ರವನ್ನು ಗಾಡಿಗೆ ಹಾಕಿಸಿದೆ.

ನಮ್ಮ ಮನೆಯಲ್ಲಿ ಆಗ ಇದ್ದ ದನಗಳು ನಾಲ್ಕು. ತಂದೆಯವರು ಯಂತ್ರವನ್ನು ಸುತ್ತಿ ನೋಡಿ, “ಯಂತ್ರ ಛಲೋ ಐತಿ ತಮ್ಮಾ, ನೂರು ದನ ಕಟ್ಟಿದವರ ಮನ್ಯಾಗ ಇರಬೇಕಾದದ್ದು” ಎಂದಷ್ಟೇ ಹೇಳಿದರು. ಏಪ್ರಿಲ್ ತಿಂಗಳಲ್ಲಿ ಮೋಟಾರು ಸುಟ್ಟಿತು. ಕೈಯಲ್ಲಿ ಹಣವಿಲ್ಲ. ಮೂರು ಟಕ್ಕೆಯಂತೆ, ಎಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ, 30,000 ಕೈಗಡ ತಂದು ಮೋಟಾರು ಪೈಪು ಇಳಿಸುವಷ್ಟರಲ್ಲಿ ಇಪ್ಪತ್ತೈದು ದಿವಸ ಕಳೆದವು. ಹತ್ತು ತಿಂಗಳಿಗೆ ಬಡ್ಡಿಯೇ 9,000 ಆಯಿತು. ಯಂತ್ರವನ್ನು ಮುಂದೆ ಹೈನದ ವ್ಯಾಪಾರದವರೊಬ್ಬರಿಗೆ 9,000ಕ್ಕೆ ಕೊಟ್ಟೆವು. ಇವೆಲ್ಲ ಲೆಕ್ಕಕ್ಕೆ ಸಿಗುವ ನಷ್ಟಗಳು. ನೀರಿಲ್ಲದ ಆ ಇಪ್ಪತ್ತೈದು ದಿವಸಗಳಲ್ಲಿ ತಂದೆಯವರು ಆರು ವರ್ಷ ಸಾಕಿದ್ದ ಇಪ್ಪತ್ತೆರಡು ಲಿಂಬೆಯ ಗಿಡಗಳು ಒಣಗಿದವು. ಅವುಗಳ ಲೆಕ್ಕವನ್ನು ಅವರು ಎಂದೂ ನನ್ನನ್ನು ಕೇಳಲಿಲ್ಲ.

ಈ ಸಂಗತಿಯನ್ನು ಬಿಡಿಸಿ ನೋಡಿದರೆ ಮನಸ್ಸು ಸೋಲುವ ಕಾರಣಗಳು ನಾಲ್ಕು ಕಾಣಬರುತ್ತವೆ. ಹಣವು ಕೈಯಲ್ಲಿಯೇ ಇತ್ತು. ವಸ್ತುವು ಕಣ್ಣೆದುರಿಗೆ ನಡೆಯುತ್ತಿತ್ತು. ನೋಡುವ ನಾಲ್ಕು ಜನರಿದ್ದರು. ಇಂದೇ ಕೊಳ್ಳಬೇಕೆಂಬ ಅವಸರವನ್ನು ಮಾರುವವನು ಹುಟ್ಟಿಸಿದ್ದನು. ದನದ ಪೇಟೆಯಲ್ಲಿಯೂ ಇದೇ ಕ್ರಮ. ದಲಾಲನು ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವಾಗ ಆಲೋಚನೆಗೆ ಸ್ಥಳವೂ ಇಲ್ಲ, ಮನೆಯವರನ್ನು ಕೇಳುವ ಸಂದೂ ಇಲ್ಲ; ಬೆರಳು ಒತ್ತಿದರೆ ವ್ಯಾಪಾರ ಮುಗಿಯಿತು, ಸಂಚಕಾರ ಹೋಯಿತು.

ಅರ್ಧ ಬೆಲೆಗೆ ಸಹಾಯಧನವಿದೆ ಎಂಬ ಮಾತಿಗೆ ಮರುಳಾಗಿ ಬೇಡದ ಯಂತ್ರವನ್ನು ಒಯ್ಯುವವರನ್ನೂ ನಾನು ಕಂಡಿದ್ದೇನೆ. ಉಳಿದರ್ಧವು ರೈತನ ಗಂಟಿನಿಂದಲೇ ಹೋಗತಕ್ಕದ್ದೆಂಬುದು ಆಗ ನೆನಪಿರುವುದಿಲ್ಲ. ಬೇಕಾದ ವಸ್ತುವಿಗೆ ಸಹಾಯಧನವು ಉಪಕಾರ. ಬೇಡದ ವಸ್ತುವಿಗೆ ಅದು ಗಾಳದ ಹುಳು.

4. ಸಣ್ಣ ಖರ್ಚು, ಸಣ್ಣ ಸಾಲ

ಜಾತ್ರೆಯೊಂದನ್ನೇ ಅಪರಾಧಿಯೆನ್ನುವುದು ಸರಿಯಲ್ಲ. ವರ್ಷಕ್ಕೊಮ್ಮೆ ಬರುವ ಜಾತ್ರೆಗಿಂತ ವಾರಕ್ಕೊಮ್ಮೆ ಬರುವ ಸಂತೆಯೂ, ದಿವಸಕ್ಕೆ ಹತ್ತು ಸಲ ತೆರೆಯುವ ಮೊಬೈಲೂ ಹೆಚ್ಚು ತಿನ್ನುತ್ತವೆ. ಇದಕ್ಕೆ ಹಳೆಯದೊಂದು ಸಾಕ್ಷಿಯಿದೆ. 1875ನೆಯ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವುಕಾರರ ಮೇಲೆ ತಿರುಗಿಬಿದ್ದರು. ಸಾಲದ ಪತ್ರಗಳನ್ನು ಸುಟ್ಟರು. ಗಲಭೆಯು ಹಬ್ಬಿತು. ಸರ್ಕಾರವು ನೇಮಿಸಿದ ವಿಚಾರಣಾ ಮಂಡಲಿಯು ಪುಣೆ, ಸಾತಾರಾ, ಅಹಮದನಗರ, ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಗಳ ರೈತರ ಸಾಲವನ್ನು ಪರಿಶೀಲಿಸಿತು. ಅದರ ಫಲವಾಗಿ 1879ರಲ್ಲಿ ದಖ್ಖಣದ ರೈತರ ಪರಿಹಾರ ಕಾಯಿದೆ ಬಂದಿತು. ರೈತನು ಮದುವೆ ಮುಂಜಿಗಳಲ್ಲಿ ದುಂದು ಮಾಡಿ ಕೆಟ್ಟನೆಂಬುದು ಅಂದಿನ ಸಾಮಾನ್ಯ ಮಾತಾಗಿತ್ತು. ಮಂಡಲಿಯವರು ಅದಕ್ಕೆ ಒಪ್ಪಲಿಲ್ಲ. ಅಪರೂಪಕ್ಕೊಮ್ಮೆ ಬರುವ ಮದುವೆಗಿಂತಲೂ ಕಾಳು, ಬೀಜ, ಎತ್ತು, ಕಂದಾಯ ಇವುಗಳಿಗಾಗಿ ಮೇಲಿಂದ ಮೇಲೆ ಮಾಡಿದ ಸಣ್ಣ ಸಣ್ಣ ಸಾಲಗಳೇ ರೈತನ ಋಣವನ್ನು ಹೆಚ್ಚಾಗಿ ಬೆಳೆಸಿದುವೆಂದು ಅವರು ಬರೆದರು.

ಅಂದಿನ ಆ ಸಣ್ಣ ಸಾಲಗಳು ಹೊಟ್ಟೆಗೂ ಹೊಲಕ್ಕೂ ಬೇಕಾದುವೇ ಆಗಿದ್ದವು. ಇಂದು ಬೇಕಾದ ಹಣವನ್ನು ಬೇಡದ್ದಕ್ಕೆ ಕೊಟ್ಟು, ಬಳಿಕ ಬೇಕಾದ್ದಕ್ಕೆ ಸಾಲ ತರುವುದುಂಟು. ಆಗ ಬೀಜದ ಸಾಲವೆಂದು ಕಾಗದದಲ್ಲಿ ಬರೆದಿರುತ್ತದೆ; ನಿಜವಾಗಿ ಅದು ಜನವರಿಯಲ್ಲಿ ಕೊಂಡ ಮೊಬೈಲಿನ ಸಾಲ.

ಕಂತಿನ ವ್ಯಾಪಾರವನ್ನು ಇನ್ನೂ ಎಚ್ಚರದಿಂದ ನೋಡತಕ್ಕದ್ದು. ಒಬ್ಬನು 60,000 ರೂಪಾಯಿಯ ಕಂತಿನ ಸಾಲದಲ್ಲಿ ಮೋಟಾರು ಸೈಕಲ್ಲು ಕೊಂಡನೆನ್ನೋಣ. ವರ್ಷಕ್ಕೆ ನೂರಕ್ಕೆ 12 ರೂಪಾಯಿ ಬಡ್ಡಿ, ಎರಡು ವರ್ಷದ ಮುದ್ದತು ಎನ್ನುತ್ತಾರೆ. ಬಡ್ಡಿ 14,400, ಒಟ್ಟು 74,400, ತಿಂಗಳಿಗೆ 3,100ರಂತೆ 24 ಕಂತು. ಕೇಳಲಿಕ್ಕೆ ಸುಲಭ. ಆದರೆ ಇಲ್ಲಿ ಅಸಲು ತಿಂಗಳು ತಿಂಗಳು ತೀರುತ್ತ ಬಂದರೂ ಬಡ್ಡಿಯನ್ನು ಕಡೆಯವರೆಗೂ ಮೊದಲಿನ 60,000ದ ಮೇಲೆಯೇ ಹಾಕಿದ್ದಾರೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಿಡಿದು ಲೆಕ್ಕ ಮಾಡಿದರೆ ಇದು ವರ್ಷಕ್ಕೆ ನೂರಕ್ಕೆ ಸುಮಾರು ಇಪ್ಪತ್ತೊಂದೂವರೆ ರೂಪಾಯಿಯ ಬಡ್ಡಿಯಾಗುತ್ತದೆ. ಮತ್ತೊಂದು ತೊಡಕೇನೆಂದರೆ, ಕಂತು ತಿಂಗಳಿಗೊಮ್ಮೆ. ರೈತನ ಆದಾಯವು ವರ್ಷಕ್ಕೊಮ್ಮೆ. ಆಗಸ್ಟಿನ ಕಂತಿಗೆ ಕೈಗಡ, ಸೆಪ್ಟೆಂಬರಿನ ಕಂತಿಗೆ ಮತ್ತೊಂದು ಕೈಗಡ ಎಂದು ಸಾಲಕ್ಕೆ ಸಾಲವು ಹೆಣೆದುಕೊಳ್ಳುತ್ತದೆ.

5. ಹಗೇವಿನ ಪಾಠ

ಹಣವನ್ನು ಕಾಯುವ ಉಪಾಯವನ್ನು ದೂರದಿಂದ ತರಬೇಕಾಗಿಲ್ಲ; ನಮ್ಮ ಹಿರಿಯರು ಕಾಳನ್ನು ಕಾಯುತ್ತಿದ್ದ ಕ್ರಮವನ್ನು ನೋಡಿದರೆ ಸಾಕು. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಮಾತು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಡೋಣಿಯ ಸಾಲು ಒಂದು ವರ್ಷ ಬೆಳೆದು ಮರುವರ್ಷ ಬೆಳೆಯದೆ ಇರುವುದೂ ಗೊತ್ತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಬಹಳ ಕಷ್ಟಕ್ಕೆ ಸಿಕ್ಕ ಸೀಮೆಗಳಲ್ಲಿ ನಮ್ಮದೂ ಒಂದು. ಆದುದರಿಂದಲೇ ಸುಗ್ಗಿಯ ಜೋಳವನ್ನು ಹಗೇವಿಗೆ ಹಾಕುವ ಪದ್ಧತಿ ಬೆಳೆಯಿತು.

ಹಗೇವನ್ನು ಗಟ್ಟಿನೆಲದಲ್ಲಿ ತೋಡುತ್ತಿದ್ದರು. ಬಾಯಿ ಇಕ್ಕಟ್ಟು, ಒಡಲು ವಿಶಾಲ. ಒಳಮೈಗೆ ಕಣಿಕೆ, ಹುಲ್ಲು ಹೊಂದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಕಾಳು ಉಸಿರಾಡಿ ಪ್ರಾಣವಾಯುವು ತೀರುತ್ತ ಬಂದು ಇಂಗಾಲಾಮ್ಲ ವಾಯುವು ತುಂಬಿಕೊಳ್ಳುತ್ತದೆ. ಅದರಿಂದ ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಅದೇ ವಾಯುವು ಮನುಷ್ಯನಿಗೂ ಮೃತ್ಯು. ಆದ್ದರಿಂದ ಹಗೇವನ್ನು ತೆರೆದವರು ಕೂಡಲೆ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು.

ಇದರಿಂದ ತಿಳಿಯತಕ್ಕುದೇನೆಂದರೆ, ಹಗೇವಿನ ಕಾಳನ್ನು ಒಬ್ಬನೇ, ಮನಸ್ಸು ಬಂದಾಗ, ಮುಷ್ಟಿ ಹಾಕಿ ತೆಗೆಯುವಂತಿರಲಿಲ್ಲ. ಕಲ್ಲು ಸರಿಸಬೇಕು, ನಾಲ್ಕು ಜನ ಬೇಕು, ಕಾಯಬೇಕು, ಊರಿಗೇ ಗೊತ್ತಾಗುತ್ತದೆ. ಮನೆಯಲ್ಲಿ ಗುಮ್ಮಿಯ ಕಾಳು ದಿವಸದ ಖರ್ಚಿಗೆ. ಹಗೇವಿನ ಕಾಳು ಬರಗಾಲಕ್ಕೆ. ಬೂದಿ ಕಲಸಿ ಬೇರೆಯಿಟ್ಟ ಬೀಜದ ಕಾಳು ಬಿತ್ತಿಗೆಗೆ. ಮೂರಕ್ಕೂ ಮೂರು ಬಾಯಿ. ನಮ್ಮ ಅಜ್ಜಂದಿರ ಮನಸ್ಸು ನಮ್ಮದಕ್ಕಿಂತ ಗಟ್ಟಿಯಾಗಿತ್ತೆಂದು ಹೇಳಲಾರೆ. ಅವರ ಹಗೇವಿನ ಬಾಯಿ ಗಟ್ಟಿಯಾಗಿತ್ತು. ನಾವು ಮೂರೂ ಬಗೆಯ ಹಣವನ್ನು ಒಂದೇ ಖಾತೆಯಲ್ಲಿ ಸುರಿದು, ಆ ಖಾತೆಯನ್ನು ಅಂಗಿಯ ಕಿಸೆಯ ಮೊಬೈಲಿಗೆ ಕಟ್ಟಿ, ಅಂಗಡಿಯವನ ಚೌಕಚಿತ್ರದ ಮುಂದೆ ಹಿಡಿಯುತ್ತೇವೆ. ಮುಚ್ಚಳವಿಲ್ಲದ ಹಗೇವಿನ ಮುಂದೆ ಕುಳಿತು ಮನಸ್ಸನ್ನು ಗಟ್ಟಿಮಾಡಿಕೋ ಎಂದರೆ ಯಾರಿಂದಲೂ ಆಗದು.

6. ಅನುಸರಿಸತಕ್ಕ ಕ್ರಮ

(1) ಬೆಳೆ ಮಾರಿದ ಹಣವನ್ನು ಬಂದ ದಿವಸವೇ ಹಂಚತಕ್ಕದ್ದು. ಉದಾಹರಣೆಗೆ 2,00,000 ರೂಪಾಯಿ ಬಂದಿತೆಂದರೆ, ಸಾಲದ ಮರುಪಾವತಿಗೆ 50,000, ಮುಂಗಾರಿಗೆ 40,000, ಹಿಂಗಾರಿಗೆ 30,000, ಮನೆಯ ಖರ್ಚು ಮತ್ತು ಶಾಲೆಗೆ 50,000, ಆಪತ್ತಿಗೆ 20,000, ಹಬ್ಬ ಜಾತ್ರೆಗಳಿಗೆ 10,000. ಅವರವರ ಸ್ಥಿತಿಗೆ ಅನುಸಾರವಾಗಿ ಅಂಕಿಗಳು ಬದಲಾಗಬಹುದು. ಹಂಚುವ ದಿವಸ ಮಾತ್ರ ಬದಲಾಗಬಾರದು.

(2) ಸಹಕಾರಿ ಸಂಘದ ಬೆಳೆಸಾಲವಿದ್ದರೆ ಅದನ್ನು ಮೊದಲು, ಗಡುವಿನೊಳಗೆ ತೀರಿಸತಕ್ಕದ್ದು. ಬಡ್ಡಿಯ ರಿಯಾಯಿತಿಯು ಸಮಯಕ್ಕೆ ತೀರಿಸಿದವರಿಗೆ ಮಾತ್ರ ದೊರೆಯುತ್ತದೆ. ಜಾತ್ರೆಯಲ್ಲಿ ಹಣ ಖರ್ಚಾಗಿ ಗಡುವು ತಪ್ಪಿದರೆ, ಬಡ್ಡಿಯಿಲ್ಲದ ಸಾಲವೇ ಬಡ್ಡಿಯ ಸಾಲವಾಗಿ ಬಿಡುತ್ತದೆ.

(3) ಮುಂದಿನ ಹಂಗಾಮಿನ ಹಣಕ್ಕೆ ಬಾಯಿ ಮುಚ್ಚಿದ ಸ್ಥಳ ಬೇಕು. ಮುಂಗಾರಿನ ಹಣವನ್ನು ಮೊಬೈಲಿಗೆ ಜೋಡಿಸದ ಬೇರೆ ಉಳಿತಾಯ ಖಾತೆಯಲ್ಲಿ ಇಡಬಹುದು. ಹಿಂಗಾರಿಯ ಬಿತ್ತಿಗೆಗೂ ಅಕ್ಟೋಬರ್ ಚಾಟಣಿಗೂ ಬೇಕಾದ ಹಣಕ್ಕೆ ಅಂಚೆ ಕಚೇರಿಯ ಒಂದು ವರ್ಷದ ಮುದ್ದತಿ ಠೇವಣಿಯು ಅನುಕೂಲ. ಆರು ತಿಂಗಳು ತುಂಬುವ ಮೊದಲು ಅದನ್ನು ಮುರಿಯಲು ಬರುವುದಿಲ್ಲ. ಆರು ತಿಂಗಳಾದ ಬಳಿಕ ವರ್ಷದೊಳಗೆ ಮುರಿದರೆ ಉಳಿತಾಯ ಖಾತೆಯ ದರದಲ್ಲಿ ಬಡ್ಡಿ ಸಿಗುತ್ತದೆ. ಸಂಕ್ರಾಂತಿಗೆ ಮುಚ್ಚಿದ ಬಾಯಿ ಶ್ರಾವಣದ ಹೊತ್ತಿಗೆ ತೆರೆಯಲು ಬರುತ್ತದೆಯೆಂದು ತಿಳಿಯಿರಿ.

(4) ಎಲ್ಲಿ ಇಡುತ್ತೇವೆಂಬುದನ್ನೂ ವಿಚಾರಿಸತಕ್ಕದ್ದು. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, 2020ನೆಯ ಫೆಬ್ರವರಿಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ. ಬ್ಯಾಂಕ್ ಅಲ್ಲದ ಪತ್ತಿನ ಸಂಘಗಳ ಠೇವಣಿಗೆ ಈ ವಿಮೆಯಿಲ್ಲ. ಹೆಚ್ಚು ಬಡ್ಡಿಯ ಆಸೆಗೆ ಅಸಲನ್ನು ಕಳೆದುಕೊಳ್ಳಬಾರದು.

(5) ಜಾತ್ರೆಗೆ ಹೊರಡುವ ಮುನ್ನ ಮನೆಯಲ್ಲಿ ಕುಳಿತು ಚೀಟಿ ಬರೆಯತಕ್ಕದ್ದು. ಮನೆಯೊಡತಿಯನ್ನು ಕೇಳದೆ ಬರೆದ ಚೀಟಿಯು ಅರ್ಧ ಚೀಟಿ. ಮನೆಯಲ್ಲಿ ಏನಿದೆ, ಏನಿಲ್ಲ, ಹೋದ ವರ್ಷ ತಂದದ್ದರಲ್ಲಿ ಯಾವುದು ಅಟ್ಟದ ಮೇಲಿದೆ ಎಂಬುದು ಆಕೆಗೆ ಗೊತ್ತಿರುತ್ತದೆ. ಚೀಟಿಯಲ್ಲಿ ಇದ್ದಷ್ಟಕ್ಕೆ ಮಾತ್ರ ಹಣ ಒಯ್ಯತಕ್ಕದ್ದು.

(6) ಚೀಟಿಯಲ್ಲಿ ಇಲ್ಲದ ವಸ್ತುವಿಗೆ ಮನಸ್ಸು ಎಳೆದರೆ, ಸಂಚಕಾರ ಕೊಡದೆ ಒಂದು ರಾತ್ರಿ ಊರಿಗೆ ಹಿಂದಿರುಗತಕ್ಕದ್ದು. ಜಾತ್ರೆಯು ಒಂದೇ ದಿವಸದ್ದಲ್ಲ. ಒಮ್ಮೆ ತೊರವಿಯಲ್ಲಿ ಒಬ್ಬ ಮುದುಕರು ಒಂದು ಜೋಡಿ ಹೋರಿಗಳ ಹಲ್ಲು, ಗೊರಸು, ನಡೆ ಎಲ್ಲವನ್ನೂ ನೋಡಿ ಸುಮ್ಮನೆ ಹೋದರು, ಮರುದಿವಸವೂ ಹಾಗೆಯೇ, ಮೂರನೆಯ ದಿವಸ ಕೊಂಡರು. ಬೆಲೆ ಇಳಿದಿತ್ತು. ಕಾರಣ ಕೇಳಿದಾಗ, “ಕೊಳ್ಳಾವಗ ಅವಸರ ಇಲ್ಲಂದ್ರ ಮಾರಾವಗ ಅವಸರ ಹುಟ್ಟತೈತ್ರೀ ಸಾಹೇಬರ” ಎಂದರು.

(7) ಬೆಲೆಯನ್ನು ರೂಪಾಯಿಯಲ್ಲಿ ಎಣಿಸದೆ ಕ್ವಿಂಟಾಲಿನಲ್ಲಿ ಎಣಿಸತಕ್ಕದ್ದು. 2025-26ನೆಯ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ, ಮಾಲದಂಡಿ ಜೋಳದ್ದು 3,749 ರೂಪಾಯಿ ಎಂದು ಕೇಂದ್ರ ಸರ್ಕಾರವು ಗೊತ್ತುಮಾಡಿತು. ಆ ದರದಲ್ಲಿ 24,000 ರೂಪಾಯಿಯ ಮೊಬೈಲೆಂದರೆ ಮೂರು ಕ್ವಿಂಟಾಲ್ ತೊಗರಿ. ಮಳೆಯಾಶ್ರಯದ ಹೊಲದಲ್ಲಿ ಎಕರೆಗೆ ಮೂರು ಕ್ವಿಂಟಾಲ್ ಬಂದಿದ್ದರೆ, ಒಂದು ಎಕರೆಯ ವರ್ಷದ ಬೆಳೆಯೆಲ್ಲ ಅಂಗೈಯೊಳಗಿನ ಆ ವಸ್ತುವಿಗೆ ಹೋಯಿತು. ಅದರ ಗಳೆ, ಬೀಜ, ಕಸ, ಕೊಯ್ಲಿನ ಖರ್ಚು ಬೇರೆ.

(8) ಯಂತ್ರವನ್ನು ಕೊಳ್ಳುವ ಮುನ್ನ ಮೂರು ಪ್ರಶ್ನೆಗಳು: ವರ್ಷಕ್ಕೆ ಎಷ್ಟು ದಿವಸ ನನ್ನ ಹೊಲದಲ್ಲಿ ದುಡಿಯುತ್ತದೆ? ಕೆಟ್ಟರೆ ಯಾರು, ಎಲ್ಲಿ ರಿಪೇರಿ ಮಾಡುತ್ತಾರೆ? ಬಾಡಿಗೆಗೆ ಸಿಗುತ್ತದೆಯೆ? ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರಗಳನ್ನು ಬಾಡಿಗೆಗೆ ಪಡೆಯಬಹುದು. ವರ್ಷಕ್ಕೆ ಎಂಟು ದಿವಸದ ಕೆಲಸಕ್ಕೆ ಮುನ್ನೂರ ಅರವತ್ತೈದು ದಿವಸದ ಸಾಲವನ್ನು ಕಟ್ಟಿಕೊಳ್ಳುವುದು ಜಾಣತನವಲ್ಲ.

(9) ಕಂತಿನ ಮಾತು ಬಂದರೆ ತಿಂಗಳಿಗೆ ಎಷ್ಟೆಂದು ಕೇಳಬಾರದು. ಕಡೆಗೆ ಒಟ್ಟು ಎಷ್ಟು ಕೊಡಬೇಕೆಂದು ಕೇಳಿ, ಆ ಅಂಕಿಯನ್ನು ಬರೆಯಿಸಿಕೊಳ್ಳತಕ್ಕದ್ದು. ಒಟ್ಟು ಮೊತ್ತವನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುವವನ ಹತ್ತಿರ ಕೊಳ್ಳಬಾರದು.

(10) ಕೊಳ್ಳಬೇಕೆಂದು ಕೈಯೆತ್ತಿ ಬಿಟ್ಟ ವಸ್ತುವಿನ ಬೆಲೆಯಲ್ಲಿ ಸ್ವಲ್ಪವನ್ನಾದರೂ ಅದೇ ವಾರ ಠೇವಣಿಗೆ ಹಾಕತಕ್ಕದ್ದು. ಹಾಕದಿದ್ದರೆ ಇಲ್ಲಿ ಉಳಿದದ್ದು ಮುಂದಿನ ಅಂಗಡಿಯಲ್ಲಿ ಹೋಗುತ್ತದೆ.

7. ಜಾತ್ರೆಯನ್ನು ಬಿಡಬೇಕೆಂದಲ್ಲ

ಇದನ್ನೆಲ್ಲ ಓದಿ ಯಾರೂ ಜಾತ್ರೆಗೆ ಹೋಗುವುದನ್ನು ಬಿಡಬೇಕಾಗಿಲ್ಲ. ದೇವರ ದರ್ಶನ, ನಂಟರ ಭೇಟಿ, ಒಳ್ಳೆಯ ದನಗಳನ್ನು ನೋಡಿ ಕಲಿಯುವುದು, ಹೊಸ ಯಂತ್ರಗಳ ಪರಿಚಯ, ಇವೆಲ್ಲ ಜಾತ್ರೆಯ ಲಾಭಗಳೇ. ಮಕ್ಕಳಿಗೆ ಬೆಂಡು ಬತ್ತಾಸು, ಮನೆಯವರಿಗೆ ಬಳೆ, ಎತ್ತಿಗೆ ಒಂದು ಹೊಸ ಗೆಜ್ಜೆಸರ ತಂದರೆ ಯಾರ ಸಂಸಾರವೂ ಕೆಡುವುದಿಲ್ಲ. ಮೇಲಿನ ಹಂಚಿಕೆಯಲ್ಲಿ 10,000 ರೂಪಾಯಿಯನ್ನು ಹಬ್ಬ ಜಾತ್ರೆಗಳಿಗೆಂದು ಬೇರೆ ತೆಗೆದದ್ದು ಇದಕ್ಕಾಗಿಯೇ. ಆ ಪಾಲನ್ನು ಸಂತೋಷದಿಂದ ಖರ್ಚುಮಾಡಬಹುದು. ಸಂತೋಷದ ಪಾಲು ಬೇರೆ ಇದ್ದಾಗ ಬೀಜದ ಪಾಲಿಗೆ ಕೈಹೋಗುವುದು ಕಡಮೆಯಾಗುತ್ತದೆಂಬುದು ನನ್ನ ಅನುಭವ. ಎಲ್ಲವನ್ನೂ ಬಿಗಿಹಿಡಿದು ಒಂದು ವರ್ಷ ಕೂಡಿಟ್ಟವನು ಮರುವರ್ಷ ಒಂದೇ ದಿವಸದಲ್ಲಿ ಎಲ್ಲವನ್ನೂ ಬಿಡುವುದನ್ನೂ ನೋಡಿದ್ದೇನೆ.

8. ಗ್ರಾಮದ ಹಿರಿಯರಿಗೆ ವಿಜ್ಞಾಪನೆ

ಊರಿನ ಗೌಡರು, ಹಿರಿಯರು, ಪಂಚಾಯತಿಯ ಸದಸ್ಯರು ಈ ವಿಷಯದಲ್ಲಿ ಮಾಡಬಹುದಾದ ಉಪಕಾರವು ದೊಡ್ಡದು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಕೃಷಿಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ದೇಶದಲ್ಲಿಯೇ ಅಂಥ ಮೊದಲ ಸಂಘಗಳಲ್ಲಿ ಅದರ ಹೆಸರು ಬರುತ್ತದೆ. ರೈತರು ತಮ್ಮ ತಮ್ಮಲ್ಲಿ ಹಣ ಕೂಡಿಸಿ ತಮ್ಮವರಿಗೇ ಸಾಲ ಕೊಡಬಹುದೆಂಬುದನ್ನು ಒಂದು ಹಳ್ಳಿಯು ತೋರಿಸಿಕೊಟ್ಟಿತು. ಹಿರಿಯನೊಬ್ಬನು ನಿಂತನೆಂಬ ಕಾರಣಕ್ಕೆ ಉಳಿದವರೂ ನಿಂತರು.

ಇದರ ವಿರುದ್ಧವೂ ಅಷ್ಟೇ ನಿಜ. ಹಿರಿಯರ ಮನೆಯ ಮುಂದೆ ಹೊಸ ಟ್ರ್ಯಾಕ್ಟರು ನಿಂತರೆ, ಆರೇ ಎಕರೆಯವನೂ ಅದೇ ವರ್ಷ ಮಳಿಗೆಗೆ ಹೋಗುತ್ತಾನೆ. ಹಿರಿಯರು ಮಗನ ಮದುವೆಗೆ ನಾಲ್ಕು ಬಗೆಯ ಊಟ ಹಾಕಿಸಿದರೆ ಊರೆಲ್ಲಕ್ಕೂ ಅದು ಅಳತೆಯಾಗುತ್ತದೆ. ಆದುದರಿಂದ ಹಿರಿಯರು ತಾವು ಬಾಡಿಗೆಗೆ ಯಂತ್ರ ತಂದಾಗ ಅದನ್ನು ಮರೆಮಾಚದೆ ಹೇಳಬೇಕು. ಜಾತ್ರೆಗೆ ಹೋಗುವ ಮೊದಲು ಗುಡಿಯ ಕಟ್ಟೆಯ ಮೇಲೆ ಹತ್ತು ಜನ ಕುಳಿತು ಯಾರಿಗೆ ಏನು ಬೇಕೆಂದು ಮಾತಾಡಿದರೆ, ಒಬ್ಬನು ಕೊಂಡದ್ದನ್ನು ಮೂವರು ಬಳಸುವ ದಾರಿಯೂ ಹೊಳೆಯಬಹುದು. ಹಗೇವನ್ನು ತೆರೆಯಲು ನಾಲ್ಕು ಜನ ಬೇಕಾಗಿತ್ತಷ್ಟೆ. ದೊಡ್ಡ ಗಂಟನ್ನು ಬಿಚ್ಚುವಾಗಲೂ ನಾಲ್ಕು ಜನರ ಮಾತು ಇರಲಿ.

ಕೃಷ್ಣೆಯ ನೀರು ಏತ ನೀರಾವರಿಯ ಕಾಲುವೆಗಳಲ್ಲಿ ತಿಕೋಟಾ, ಬಬಲೇಶ್ವರಗಳ ಹೊಲಗಳವರೆಗೆ ಬಂದಿದೆ. ಎತ್ತರದ ನೆಲಕ್ಕೆ ನೀರನ್ನು ಏರಿಸಲು ಬಹಳ ಶ್ರಮವೂ ಹಣವೂ ಬಿದ್ದಿದೆ. ಆ ನೀರಿನಿಂದ ಬೆಳೆದ ಹಣವು ಒಂದು ತಗ್ಗು ಕಂಡರೆ ಹರಿದುಹೋಗದಂತೆ ಬದುವು ಹಾಕಿಕೊಳ್ಳುವುದು ನಮ್ಮ ಕೈಯಲ್ಲಿದೆ. ಬರುವ ಸಂಕ್ರಾಂತಿಗೆ ಜಾತ್ರೆಗೆ ಹೊರಡುವ ಮುನ್ನ, ಹಿಂದಿನ ಸಂಜೆ, ಮನೆಯವರನ್ನು ಕೂಡಿಸಿಕೊಂಡು ಮೇಲಿನ ಹಂಚಿಕೆಯನ್ನು ಒಮ್ಮೆ ಬರೆದು ನೋಡಬೇಕೆಂದೂ, ಬೀಜದ ಪಾಲನ್ನು ಮನೆಯಲ್ಲಿಯೇ ಬಿಟ್ಟು ಹೊರಡಬೇಕೆಂದೂ ಸಮಸ್ತ ರೈತಬಾಂಧವರಲ್ಲಿ ಕೇಳಿಕೊಳ್ಳುತ್ತೇನೆ.